ತೂಬಿನ ಕೀಲಿ ಯಾರ ಕೈಲಿದೆ? ಝಡ್‌ಪಿ, ಟಿಪಿ, ಪಂಚಾಯ್ತಿ ಅಂದ್ರೆ ಏನು, ಅದಕ್ಕೂ ನಮ್ಮ ಬಡತನಕ್ಕೂ ಏನು ಸಂಬಂಧ

ಹೋದ ಬೇಸಿಗೇಲಿ ದಾವಣಗೆರೆ ಜಿಲ್ಲೆ ಜಗಳೂರು ಕಡೆ ನಮ್ಮ ಸೋದರಮಾವನ ಊರಿಗೆ ಹೋಗಿದ್ದೆ. ಬಸ್ ಇಳಿದ ತಕ್ಷಣ ಶುದ್ಧ ನೀರಿನ ಘಟಕ ಕಾಣುತ್ತೆ, ಐದು ರೂಪಾಯಿ ಕಾಯಿನ್ ಹಾಕಿದ್ರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುತ್ತಲ್ಲ, ಅದು. ಕಾಯಿನ್ ಹಾಕೋ ತೂತಿಗೆ ಯಾರೋ ಬಟ್ಟೆ ತುರುಕಿದ್ರು, ಕಿಟಕಿಲಿ ಇಣುಕಿದ್ರೆ ಸ್ಟೀಲ್ ಟ್ಯಾಂಕ್ ಮೇಲೆ ಬೆರಳಲ್ಲಿ ಹೆಸರು ಬರೆಯೋವಷ್ಟು ಧೂಳು, ಬಾಗಿಲ ಮುಂದೆ ನೆರಳಿಗೆ ಎರಡು ಆಡು ಮಲಗಿದ್ವು.

"ಮೂರು ತಿಂಗಳಾತು ಕಣಪ್ಪ ಕೆಟ್ಟು" ಅಂದ್ರು ಮಾವ. ಪಂಚಾಯ್ತಿಗೆ ಹೋದ್ರೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹೇಳಿದ್ದು, ಅದು ನಮಗೆ ಹ್ಯಾಂಡೋವರ್ ಆಗಿಲ್ಲ, ಮೇಂಟೆನೆನ್ಸ್ ಏಜೆನ್ಸಿಯವರದ್ದು. ತಾಲ್ಲೂಕಿಗೆ ಹೋದ್ರೆ ಅಲ್ಲಿ, ದಾವಣಗೆರೆಗೆ ಬರೆದಿದ್ದೀವಿ. "ಹೋಗ್ಲಿ, ನಮ್ಮ ಜಿಲ್ಲಾ ಪಂಚಾಯ್ತಿ ಮೆಂಬರ್‌ಗಾದ್ರೂ ಫೋನ್ ಹಚ್ಚಾಣ ಅಂದ್ರೆ, ಮೆಂಬರ್ರೇ ಇಲ್ಲ. ಎಲೆಕ್ಷನ್ನೇ ಆಗಿಲ್ವಲ್ಲ. ಅಲ್ಲಪ್ಪ, ನೀನು ಓದಿದೋನು, ಈ ಝಡ್‌ಪಿ ಟಿಪಿ ಇದ್ರೆ ಏನು, ಇಲ್ದಿದ್ರೆ ಏನು, ಒಸಿ ಬಿಡಿಸಿ ಹೇಳು ನೋಡಾಣ" ಅಂದ್ರು. ನನಗೆ ಆಗ ಸರಿಯಾಗಿ ಹೇಳೋಕೆ ಬರ್ಲಿಲ್ಲ. ಆಮೇಲೆ ಕೂತು ಓದಿ, ಗೊತ್ತಿರೋರನ್ನ ಕೇಳಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದ್ದೀನಿ, ಮಾವನಂಥ ಪ್ರಶ್ನೆ ಇರೋರು ಬೇರೆಯವರೂ ಇರ್ತಾರೆ ಅಂತ.

ಮೊದ್ಲು ಮೂರು ಅಂತಸ್ತು

ನಮ್ಮ ಹಳ್ಳಿಗಳ ಮಟ್ಟಿಗೆ ಸರ್ಕಾರ ಅಂದ್ರೆ ಡೆಲ್ಲಿ, ಬೆಂಗಳೂರು ಮಾತ್ರ ಅಲ್ಲ. ಅದರ ಕೆಳಗೆ ಇನ್ನೂ ಮೂರು ಅಂತಸ್ತು ಇದೆ. ಕೆಳಗಡೆ ಗ್ರಾಮ ಪಂಚಾಯ್ತಿ, ನಾಲ್ಕೈದು ಹಳ್ಳಿಗೆ ಒಂದು, ಸುಮಾರು 400 ಜನಕ್ಕೆ ಒಬ್ಬ ಮೆಂಬರ್ ಅನ್ನೋ ಲೆಕ್ಕ. ರಾಜ್ಯದಲ್ಲಿ ಹತ್ತಿರ ಹತ್ತಿರ 6000 ಪಂಚಾಯ್ತಿ ಇವೆ. ನಡುವೆ ತಾಲ್ಲೂಕು ಪಂಚಾಯ್ತಿ, ಟಿಪಿ ಅನ್ನೋದು ಇದನ್ನೇ, ಅಲ್ಲಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಕೂತಿರ್ತಾರೆ. ಮೇಲೆ ಜಿಲ್ಲಾ ಪಂಚಾಯ್ತಿ, ಅಂದ್ರೆ ಝಡ್‌ಪಿ, ಅಲ್ಲಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ), ಐಎಎಸ್ ದರ್ಜೆಯವರು.

ತುಂಬಾ ಜನ ಡಿಸಿ ಆಫೀಸು, ಝಡ್‌ಪಿ ಆಫೀಸು ಎರಡನ್ನೂ ಒಂದೇ ಅಂದ್ಕೊಳ್ತಾರೆ. ಅಲ್ಲ. ಡಿಸಿ, ತಹಶೀಲ್ದಾರ್, ಆರ್‌ಐ, ವಿಎ ಇವರೆಲ್ಲ ಕಂದಾಯ ಇಲಾಖೆ ಸಾಲು: ಪಹಣಿ, ಪೋಡಿ, ಪಿಂಚಣಿ, ಬರ ಪರಿಹಾರ. ಸಿಇಒ, ಇಒ, ಪಿಡಿಒ ಇನ್ನೊಂದು ಸಾಲು: ಕುಡಿಯೋ ನೀರು, ಹಳ್ಳಿ ರಸ್ತೆ, ಪ್ರೈಮರಿ ಸ್ಕೂಲು, ಅಂಗನವಾಡಿ, ಉದ್ಯೋಗ ಖಾತ್ರಿ ಕೆಲಸ. ಮೊದಲನೇ ಸಾಲಿಗೆ ನಾವು ಓಟ್ ಹಾಕಿ ಆರಿಸಿದ ಜನ ಇಲ್ಲ, ಎರಡನೇ ಸಾಲಿಗೆ ಇರಬೇಕು. ಅಧಿಕಾರಿ ಜೊತೆಗೆ ಅಧ್ಯಕ್ಷ, ಸದಸ್ಯ ಅಂತ. ಆ "ಇರಬೇಕು" ಅನ್ನೋದರಲ್ಲೇ ಈಗಿನ ಸಮಸ್ಯೆ ಇರೋದು, ಅದಕ್ಕೆ ಆಮೇಲೆ ಬರ್ತೀನಿ.

ಇನ್ನೊಂದು ಪದ ವಿಕೇಂದ್ರೀಕರಣ. ಪೇಪರಲ್ಲಿ ಬರುತ್ತೆ, ಓದಿ ಬಿಟ್ಬಿಡ್ತೀವಿ. ಅರ್ಥ ಇಷ್ಟೇ, ಮೇಲೆ ಕೂತು ಮಾಡೋ ತೀರ್ಮಾನವನ್ನ ಕೆಳಗೆ ಮಾಡೋದು. ಮಾವನ ಊರಿನ ನೀರಿನ ಮಿಷನ್‌ಗೆ ಫಿಲ್ಟರ್ ಹಾಕ್ಸೋಕೆ ದಾವಣಗೆರೆ ಸಹಿ ಬೇಕಾ, ಪಂಚಾಯ್ತಿ ಸಹಿ ಸಾಕಾ? ವಿಕೇಂದ್ರೀಕರಣ ಅಂದ್ರೆ ಆ ಸಹಿ ಪಂಚಾಯ್ತೀಲೇ ಸಿಗೋದು.

ಇದು ಶುರುವಾಗಿದ್ದು ಹೆಂಗೆ

ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ಮುಂದಿತ್ತು ಅಂದ್ರೆ ಈಗಿನವರು ನಂಬಲ್ಲ. 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಇದ್ದಾಗ ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. ಬೋರ್‌ವೆಲ್ ಕೊರೆಸಿ ಹಳ್ಳಿಗೆ ನೀರು ಕೊಟ್ಟಿದ್ದಕ್ಕೆ ಜನ ಪ್ರೀತಿಯಿಂದ "ನೀರ್ ಸಾಬ್" ಅಂತಿದ್ರಲ್ಲ, ಅವರೇ. ಅವರು ತಂದ ಕಾಯ್ದೆ ಪ್ರಕಾರ 1987ರ ಜನವರೀಲಿ ಜಿಲ್ಲಾ ಪರಿಷತ್ ಎಲೆಕ್ಷನ್ ಆಯ್ತು, ಹೆಣ್ಮಕ್ಕಳಿಗೆ ಕಾಲು ಭಾಗ ಸೀಟು. ಪರಿಷತ್ ಅಧ್ಯಕ್ಷನಿಗೆ ರಾಜ್ಯ ಮಂತ್ರಿ ದರ್ಜೆ, ಅವರ ಕೈಕೆಳಗೆ ಬಂದ ಐಎಎಸ್ ಅಧಿಕಾರಿ ಡಿಸಿಗಿಂತ ಸೀನಿಯರ್. ಅಂದ್ರೆ ಜಿಲ್ಲೇಲಿ ದೊಡ್ಡೋರು ಯಾರು ಅನ್ನೋದಕ್ಕೆ ಅವತ್ತು ಸರ್ಕಾರ ಕೊಟ್ಟ ಉತ್ತರ, ಜನ ಆರಿಸಿದೋರು ಅಂತ.

1992ರಲ್ಲಿ ಆ ಪರಿಷತ್ತುಗಳ ಅವಧಿ ಮುಗೀತು. ಎಲೆಕ್ಷನ್ ಮಾಡೋ ಬದಲು ಆಡಳಿತಾಧಿಕಾರಿಗಳನ್ನ ತಂದು ಕೂರಿಸಿದ್ರು, ಮತ್ತೆ ಜಿಲ್ಲಾ ಮಟ್ಟಕ್ಕೆ ಎಲೆಕ್ಷನ್ ಆಗಿದ್ದು 1995ರಲ್ಲಿ. ಈ ನಡುವೆ ದೇಶಕ್ಕೆಲ್ಲ ಅನ್ವಯ ಆಗೋ ಹಾಗೆ ಸಂವಿಧಾನದ 73ನೇ ತಿದ್ದುಪಡಿ ಬಂತು, 1993ರ ಏಪ್ರಿಲ್ 24ರಿಂದ ಜಾರಿ. ಅದರಲ್ಲಿ ನಮಗೆ ಬೇಕಾಗಿದ್ದು ಎರಡು ಮಾತು. ಒಂದು, ಐದು ವರ್ಷದ ಅವಧಿ ಮುಗಿಯೋದರ ಒಳಗೆ ಎಲೆಕ್ಷನ್ ಆಗಬೇಕು. ಎರಡು, ಹನ್ನೊಂದನೇ ಅನುಸೂಚೀಲಿ 29 ವಿಷಯದ ಪಟ್ಟಿ ಇದೆ: ಕೃಷಿ, ಸಣ್ಣ ನೀರಾವರಿ, ಕುಡಿಯೋ ನೀರು, ಬಡತನ ನಿವಾರಣೆ, ಶಾಲೆ ಎಲ್ಲ. ಇವನ್ನ ಪಂಚಾಯ್ತಿಗೆ ಕೊಡಿ ಅಂತ ರಾಜ್ಯಗಳಿಗೆ ಹೇಳಿದೆ, ಎಷ್ಟು ಕೊಡಬೇಕು ಅನ್ನೋದನ್ನ ಮಾತ್ರ ರಾಜ್ಯಕ್ಕೇ ಬಿಟ್ಟಿದೆ. ಕರ್ನಾಟಕ ಕಾಗದದ ಮೇಲೆ 29ನ್ನೂ ಕೊಟ್ಟಿದೆ.

ಕಾಗದದ ಮೇಲೆ ಅಂದೆ ನೋಡಿ, ಅಲ್ಲಿಂದಲೇ ದುಡ್ಡಿನ ವಿಷಯ ಶುರು.

ದುಡ್ಡು ಅಂದ್ರೆ ಭದ್ರಾ ನಾಲೆ ಇದ್ದಂಗೆ

ದಾವಣಗೆರೆ ಕಡೆಯವರಿಗೆ ಇದನ್ನ ಅರ್ಥ ಮಾಡ್ಸೋದು ಸುಲಭ. ಭದ್ರಾ ಡ್ಯಾಮ್ ತುಂಬಿದೆ ಅಂತ ಟಿವೀಲಿ ತೋರಿಸ್ತಾರೆ, ಬಲದಂಡೆ ನಾಲೆಗೆ ನೀರು ಬಿಟ್ಟಿದ್ದೂ ಹೌದು. ಆದ್ರೆ ಕೊನೆ ಭಾಗದ ಗದ್ದೆಗೆ ನೀರು ಬಂತಾ? ಮೇಲಿನೋರು ಪಂಪ್‌ಸೆಟ್ ಇಟ್ಟು ಎತ್ತಿದ್ರೆ, ನಡುವೆ ತೂಬು ಮುರಿದಿದ್ರೆ, ಆನ್-ಆಫ್ ಲೆಕ್ಕದಲ್ಲಿ ನಮ್ಮ ಪಾಳಿ ಬರೋ ಹೊತ್ತಿಗೆ ನಾಲೆ ಬಂದ್ ಆದ್ರೆ, ಡ್ಯಾಮಲ್ಲಿ ನೂರಾ ಎಂಬತ್ತು ಅಡಿ ನೀರಿದ್ದು ಏನು ಮಾಡೋದು. ಪಂಚಾಯ್ತಿ ದುಡ್ಡೂ ಹಂಗೇ. ಬಜೆಟ್‌ನಲ್ಲಿ ಎಷ್ಟು ಸಾವಿರ ಕೋಟಿ ಅಂತ ಕೇಳೋದು ಡ್ಯಾಮ್ ಮಟ್ಟ ಕೇಳಿದಂಗೆ. ಅದರ ಜೊತೆಗೆ ಇನ್ನೊಂದು ಕೇಳಬೇಕು, ತೂಬಿನ ಕೀಲಿ ಯಾರ ಹತ್ರ ಇದೆ?

ರಾಜ್ಯ ಬಜೆಟ್ ಮಂಡಿಸುವಾಗ ಪಂಚಾಯ್ತಿ ಸಂಸ್ಥೆಗಳಿಗೆ ಎಷ್ಟೆಷ್ಟು ಅಂತ ಬೇರೆ ಪುಸ್ತಕ ಬರುತ್ತೆ, ಆಫೀಸುಗಳಲ್ಲಿ ಅದಕ್ಕೆ ಲಿಂಕ್ ಡಾಕ್ಯುಮೆಂಟ್ ಅಂತಾರೆ. ಅದರಲ್ಲಿ ಜಿಲ್ಲಾ ಪಂಚಾಯ್ತಿ ಹೆಸರಲ್ಲಿ ದೊಡ್ಡ ದೊಡ್ಡ ಮೊತ್ತ ಕಾಣುತ್ತೆ. ನೋಡಿದೋರು, ಅಬ್ಬಾ ಇಷ್ಟು ದುಡ್ಡು ಇದ್ದೂ ನಮ್ಮೂರ ರಸ್ತೆ ಹಿಂಗಾ ಅಂತಾರೆ. ಆದ್ರೆ ಅದರಲ್ಲಿ ದೊಡ್ಡ ಪಾಲು ಮೇಷ್ಟ್ರುಗಳ ಸಂಬಳ, ಆಸ್ಪತ್ರೆ ಸಿಬ್ಬಂದಿ ಸಂಬಳ, ಹಾಸ್ಟೆಲ್ ಖರ್ಚು, ಮೊದಲೇ ಇಂಥದ್ದಕ್ಕೇ ಅಂತ ಗುರುತು ಹಾಕಿ ಕಳಿಸಿರೋ ಸ್ಕೀಮ್ ದುಡ್ಡು. ಝಡ್‌ಪಿ ಅದನ್ನ ಪಾಸ್ ಮಾಡೋ ಕೊಳವೆ ಅಷ್ಟೇ, ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿಸೋ ಹಂಗಿಲ್ಲ. ಮನೆ ಖರ್ಚಿಗೆ ಅಂತ ಹೆಂಡ್ತಿ ಕೈಗೆ ದುಡ್ಡು ಕೊಟ್ಟು, ಇಂತಿಷ್ಟು ಬಾಡಿಗೆಗೆ, ಇಂತಿಷ್ಟು ಫೀಸಿಗೆ, ಇಂತಿಷ್ಟು ಸೊಸೈಟಿ ಕಂತಿಗೆ ಅಂತ ಚೀಟಿ ಅಂಟಿಸಿ ಕೊಟ್ರೆ ಮನೆ ಯಜಮಾನಿ ನೀನೇ ಅಂದಂಗಾಗುತ್ತಾ?

ಕೇಂದ್ರ ಹಣಕಾಸು ಆಯೋಗದ ದುಡ್ಡು ನೇರವಾಗಿ ಲೋಕಲ್ ಸಂಸ್ಥೆಗಳಿಗೇ ಅಂತ ಬರೋದು. ಇದರಲ್ಲೂ ಎರಡು ಥರ. 2021ರಿಂದ 2026ರವರೆಗಿನ ಹದಿನೈದನೇ ಆಯೋಗದ ಲೆಕ್ಕ ತಗೊಂಡ್ರೆ, ಶೇ 60 ಭಾಗ ನಿರ್ಬಂಧಿತ, ಅಂದ್ರೆ ಅರ್ಧ ಕುಡಿಯೋ ನೀರಿಗೆ, ಅರ್ಧ ನೈರ್ಮಲ್ಯಕ್ಕೆ ಮಾತ್ರ. ಉಳಿದ ಶೇ 40 ಅನಿರ್ಬಂಧಿತ, ಊರಿಗೆ ಬೇಕಾಗಿದ್ದಕ್ಕೆ ಬಳಸಬಹುದು, ಸಂಬಳಕ್ಕೆ ಮಾತ್ರ ಬಳಸೋ ಹಂಗಿಲ್ಲ. ನಮ್ಮ ರಾಜ್ಯದಲ್ಲಿ ಇದನ್ನ ಗ್ರಾಮ, ತಾಲ್ಲೂಕು, ಜಿಲ್ಲೆ ಅಂತ 85, 10, 5ರ ಪ್ರಮಾಣದಲ್ಲಿ ಹಂಚಿದ್ರು. ನೂರು ರೂಪಾಯಿ ಬಂತು ಅಂದ್ಕೊಳ್ಳಿ. 85 ಗ್ರಾಮ ಪಂಚಾಯ್ತಿಗಳಿಗೆ. ಅದರಲ್ಲಿ 51 ರೂಪಾಯಿಗೆ ಚೀಟಿ ಅಂಟಿಸಿದೆ, 34 ರೂಪಾಯಿ ಮಾತ್ರ ಊರಿನವರು ಕೂತು ತೀರ್ಮಾನ ಮಾಡೋ ದುಡ್ಡು. ಆ 34ಕ್ಕೆ ಬೀದಿ ದೀಪ, ಚರಂಡಿ ಪಕ್ಕದ ಸ್ಲ್ಯಾಬು, ಸ್ಮಶಾನದ ದಾರಿ, ಶಾಲೆ ಕಾಂಪೌಂಡು ಎಲ್ಲ ಕಾದು ಕೂತಿರ್ತವೆ.

ನಿರ್ಬಂಧ ಹಾಕೋದು ತಪ್ಪು ಅಂತ ಹೇಳೋಕಾಗಲ್ಲ. ಚೀಟಿ ಅಂಟಿಸದೇ ಹೋದ್ರೆ ಎಲ್ಲ ದುಡ್ಡೂ ಸಿಸಿ ರಸ್ತೆಗೇ ಹೋಗಿಬಿಡುತ್ತೆ, ಯಾಕಂದ್ರೆ ರಸ್ತೆ ಕಣ್ಣಿಗೆ ಕಾಣುತ್ತೆ, ಕಾಂಟ್ರಾಕ್ಟರ್‌ಗೂ ಸುಲಭ. ಫ್ಲೋರೈಡ್ ನೀರು ಕುಡಿದು ಹಲ್ಲು ಹಳದಿ ಆದ ಮಕ್ಕಳು ಎಸ್ಟಿಮೇಟಲ್ಲಿ ಕಾಣಲ್ಲ.

ಸ್ವಂತ ದುಡ್ಡು ಎಲ್ಲಿಂದ

ಪಂಚಾಯ್ತಿಗೆ ತನ್ನದೇ ಅನ್ನೋ ಆದಾಯ ಅಂದ್ರೆ ಮನೆ ಕಂದಾಯ, ನೀರಿನ ಶುಲ್ಕ, ಅಂಗಡಿ ಲೈಸೆನ್ಸು, ಸಂತೆ ಹರಾಜು ಇಂಥವು. ಇದರ ಮೇಲೆ ಮೇಲಿನೋರ ಚೀಟಿ ಕಮ್ಮಿ. ಕೀಲಿ ಹೆಚ್ಚಾಗಿ ಊರಿನ ಕೈಲಿರೋದು ಈ ದುಡ್ಡಿನದ್ದೇ. ಆದ್ರೆ ಬರೋದು ಕಮ್ಮಿ. ಬಿಲ್ ಕಲೆಕ್ಟರ್ ಮನೆ ಮುಂದೆ ಬಂದ್ರೆ "ಸುಗ್ಗಿ ಆಗ್ಲಿ ತಡಿಯಪ್ಪ" ಅಂತ ಕಳಿಸ್ತೀವಿ, ಮೆಂಬರ್‌ಗೂ ಜೋರು ಮಾಡಿ ವಸೂಲಿ ಮಾಡಿಸೋ ಮನಸ್ಸಿಲ್ಲ, ನಾಳೆ ಓಟ್ ಕೇಳಬೇಕಲ್ಲ.

ಇನ್ನೊಂದು ಕಾರಣ ದಾಖಲೆ. ಹಳ್ಳೀಲಿ ಮನೆ ಇದೆ, ಅಜ್ಜನ ಕಾಲದ್ದು, ಆದ್ರೆ ಕಾಗದದಲ್ಲಿ ಇಲ್ಲ. ಇ-ಸ್ವತ್ತು ಅಂತ ಮಾಡಿದ್ದು ಇದಕ್ಕೇ. ಪಂಚಾಯ್ತಿ ವ್ಯಾಪ್ತಿಯ ಆಸ್ತಿಗೆ ಕಂಪ್ಯೂಟರ್ ದಾಖಲೆ, ಫಾರಂ 9, ಫಾರಂ 11 ಅಂತೆಲ್ಲ ಕೊಡ್ತಾರೆ. ಆ ದಾಖಲೆ ಸಿಕ್ಕಿದ ಮನೆ ಪಂಚಾಯ್ತಿಗೆ ಕಂದಾಯದ ಲೆಕ್ಕಕ್ಕೆ ಸಿಗುತ್ತೆ, ಮನೆ ಯಜಮಾನನಿಗೆ ಬ್ಯಾಂಕ್ ಸಾಲಕ್ಕೆ ಅಡ ಇಡೋಕೆ ಆಗುತ್ತೆ. ಆಡಳಿತ ಸುಧಾರಣೆ ಅನ್ನೋ ಒಣ ಪದಕ್ಕೂ ಬಡತನಕ್ಕೂ ಸಂಬಂಧ ಕಾಣೋದು ಇಂಥ ಕಡೆ. ಅದೇ ಮನೆ, ಅದೇ ಗೋಡೆ, ನಿನ್ನೆವರೆಗೆ ಕೈಗಡಕ್ಕೆ ನೂರಕ್ಕೆ ಐದು ಬಡ್ಡಿ ಕೊಡ್ತಿದ್ದೋನು ಇವತ್ತು ಬ್ಯಾಂಕ್ ಮೆಟ್ಟಿಲು ಹತ್ತಬಹುದು. ಆ ಫಾರಂ ಕೈಗೆ ಬರೋಕೆ ಎಷ್ಟು ಸಲ ಓಡಾಡ್ಬೇಕು ಅನ್ನೋದು ಬೇರೆ ಕತೆ, ಅನುಭವಿಸಿದೋರಿಗೆ ಹೇಳೋದೇ ಬೇಡ.

ಆಡಳಿತ ಸರಿಯಾದ್ರೆ ಬಡತನ ಹೆಂಗೆ ಕಮ್ಮಿ ಆಗುತ್ತೆ?

ಬಡತನ ಅಂದ್ರೆ ಬರೀ ಕೈಲಿ ದುಡ್ಡಿಲ್ಲದೇ ಇರೋದು ಅಂತ ನಾವು ತಿಳ್ಕೊಂಡಿರ್ತೀವಿ. ಈಗ ನೀತಿ ಆಯೋಗ ಅಳೆಯೋದು ಬಹು ಆಯಾಮದ ಬಡತನ ಅಂತ: ಮಕ್ಕಳಿಗೆ ಪೌಷ್ಟಿಕತೆ ಇದೆಯಾ, ಶಾಲೆಗೆ ಹೋಗ್ತಾರಾ, ಕುಡಿಯೋ ನೀರು, ಶೌಚಾಲಯ, ಅಡುಗೆ ಒಲೆ, ಕರೆಂಟು, ಬ್ಯಾಂಕ್ ಅಕೌಂಟು ಹೀಗೆ 12 ವಿಷಯ. ಈ ಲೆಕ್ಕದಲ್ಲಿ ಕರ್ನಾಟಕದ ಬಡವರ ಪ್ರಮಾಣ 2015-16ರಲ್ಲಿ ಶೇ 12.77 ಇತ್ತು, 2019-21ಕ್ಕೆ ಶೇ 7.58ಕ್ಕೆ ಇಳೀತು. ಆ 12ರ ಪಟ್ಟಿ ನೋಡಿದ್ರೆ ಒಂದು ಗೊತ್ತಾಗುತ್ತೆ. ಅದರಲ್ಲಿ ಎಷ್ಟೊಂದು ವಿಷಯ ಕೊನೆಗೆ ಬಂದು ನಿಲ್ಲೋದು ಅಂಗನವಾಡಿ, ಶಾಲೆ, ವಾಟರ್‌ಮ್ಯಾನ್ ಹತ್ರ. ಇವೆಲ್ಲ ಪಂಚಾಯ್ತಿ ಸಾಲಿನ ಕೆಲಸ.

ನಮ್ಮತ್ತೆ ಕತೆ ತಗೊಳ್ಳಿ. ಘಟಕ ಕೆಟ್ಟ ಮೇಲೆ ಪಕ್ಕದೂರಿಂದ ನೀರು ತರಬೇಕು. ಬೆಳಗ್ಗೆ ಒಂದು ಟ್ರಿಪ್ ಬೈಕಲ್ಲಿ ಮಗ ತರ್ತಾನೆ, ಅವನಿಲ್ಲದ ದಿನ ಅತ್ತೆ ಆಟೋದವನಿಗೆ ಕ್ಯಾನಿಗೆ ಹತ್ತು ರೂಪಾಯಿ ಎಕ್ಸ್‌ಟ್ರಾ ಕೊಡ್ತಾರೆ. ಶೇಂಗಾ ಕೀಳೋ ಕೆಲಸಕ್ಕೆ ಹೋಗೋದು ಒಂದು ಗಂಟೆ ತಡ ಆದ್ರೆ ಅವತ್ತಿನ ಕೂಲೀಲಿ ಮುರ್ಕೊಳ್ತಾರೆ. ಕೆಟ್ಟಿದ್ದು ಒಂದು ಫಿಲ್ಟರ್ ಮೆಂಬ್ರೇನ್. ಅದಕ್ಕೆ ಸಹಿ ಹಾಕೋ ಅಧಿಕಾರ ಯಾರಿಗೆ ಅಂತ ಗೊತ್ತಿಲ್ಲದ ಕಾರಣಕ್ಕೆ ಊರ ಹೆಣ್ಮಕ್ಕಳ ಮೂರು ತಿಂಗಳ ಕೂಲೀಲಿ ತೂತು ಬಿತ್ತು. ಜಿಡಿಪಿ ಲೆಕ್ಕದಲ್ಲಿ ಇದು ಎಲ್ಲೂ ಬರಲ್ಲ.

ಸುಧಾರಣೆಯಿಂದ ಖರ್ಚು ಇಳಿದಿದ್ದಕ್ಕೆ ನಮ್ಮಲ್ಲೇ ಉದಾಹರಣೆ ಇದೆ, ಭೂಮಿ ಯೋಜನೆ. ಮೊದಲೆಲ್ಲ ಪಹಣಿ ಬೇಕು ಅಂದ್ರೆ ಶಾನುಭೋಗರ ಹಿಂದೆ ತಿರುಗಬೇಕಿತ್ತು. 2000ದ ಆಸುಪಾಸಲ್ಲಿ ಸುಮಾರು 2 ಕೋಟಿ ಪಹಣಿಯನ್ನ ಕಂಪ್ಯೂಟರ್‌ಗೆ ಹಾಕಿ ತಾಲ್ಲೂಕು ಕೇಂದ್ರದ ಕಿಟಕೀಲಿ 15 ರೂಪಾಯಿಗೆ ಕೊಡೋಕೆ ಶುರು ಮಾಡಿದ್ರು. ಹೊಸ ರಸ್ತೆ ಇಲ್ಲ, ಹೊಸ ಫ್ಯಾಕ್ಟರಿ ಇಲ್ಲ, ಬರೀ ಕೀಲಿ ಒಬ್ಬರ ಜೇಬಿಂದ ಕಿಟಕಿಗೆ ಬಂತು, ಅಷ್ಟಕ್ಕೇ ಬೆಳೆ ಸಾಲ ತಗೊಳ್ಳೋ ರೈತನ ಓಡಾಟ ಇಳೀತು.

ಹೊರಗಿನ ಉದಾಹರಣೆ ಬೇಕಂದ್ರೆ ಕೇರಳ. 1996ರಲ್ಲಿ ಅಲ್ಲಿ ಜನಕೀಯ ಯೋಜನೆ ಅಂತ ಶುರು ಮಾಡಿ, ರಾಜ್ಯದ ಯೋಜನಾ ವೆಚ್ಚದ ಶೇ 35ರಿಂದ 40ರಷ್ಟನ್ನ ಲೋಕಲ್ ಸಂಸ್ಥೆಗಳಿಗೆ ಕೊಟ್ರು, ಅದೂ ಹೆಚ್ಚಿನಂಶ ಚೀಟಿ ಅಂಟಿಸದೇ. ದೂರದ ಬೊಲಿವಿಯಾ ದೇಶದಲ್ಲಿ 1994ರ ಕಾನೂನು ಮಾಡಿ ದೇಶದ ತೆರಿಗೇಲಿ ಶೇ 20ನ್ನ ಜನಸಂಖ್ಯೆ ಲೆಕ್ಕದಲ್ಲಿ ಊರಾಡಳಿತಗಳಿಗೆ ಹಂಚಿದ್ರು. ಅದಕ್ಕೂ ಮುಂಚೆ ದೊಡ್ಡ ಪಟ್ಟಣಗಳಿಗೇ ಹೋಗ್ತಿದ್ದ ದುಡ್ಡು ಹಳ್ಳಿಗಾಡಿಗೆ ತಲುಪಿ, ಶಾಲೆ, ನೀರು, ಒಳಚರಂಡಿಗೆ ಜಾಸ್ತಿ ಖರ್ಚಾಯ್ತು. ದುಡ್ಡು ಊರಿನ ಕೈಗೆ ಬಂದ್ರೆ ಊರಿನ ಕೊರತೆಗೆ ಹೋಗುತ್ತೆ ಅನ್ನೋ ವಾದಕ್ಕೆ ಇವೆರಡನ್ನ ತೋರಿಸ್ತಾರೆ.

ಹಿಂದುಳಿದ ತಾಲ್ಲೂಕು ಅಂತ ಯಾರು ತೀರ್ಮಾನ ಮಾಡಿದ್ದು

"ನಂಜುಂಡಪ್ಪ ವರದಿ ಪ್ರಕಾರ ನಮ್ಮ ತಾಲ್ಲೂಕು ಹಿಂದುಳಿದಿದೆ" ಅಂತ ಎಲ್ಲ ಎಂಎಲ್‌ಎಗಳೂ ಭಾಷಣದಲ್ಲಿ ಒಂದು ಸಲನಾದ್ರೂ ಹೇಳ್ತಾರೆ. ಡಾ. ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಸಮಿತಿ ವರದಿ ಕೊಟ್ಟಿದ್ದು 2002ರಲ್ಲಿ. ಅವತ್ತು ರಾಜ್ಯದಲ್ಲಿದ್ದ 175 ತಾಲ್ಲೂಕನ್ನೂ 35 ಅಳತೆಗೋಲು ಇಟ್ಟು ಅಳೆದ್ರು. ರಾಜ್ಯದ ಸರಾಸರಿ ಒಂದು ಅಂತ ಇಟ್ಕೊಂಡು ಅದಕ್ಕಿಂತ ಕಮ್ಮಿ ಬಂದೋರು ಹಿಂದುಳಿದವರು. 114 ತಾಲ್ಲೂಕು ಹಿಂಗೆ ಬಂದ್ವು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಎಂಟು ವರ್ಷದಲ್ಲಿ 31,000 ಕೋಟಿ ಖರ್ಚು ಮಾಡಿ ಅಂತ ಸಲಹೆ ಕೊಟ್ರು, 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಅಂತ ಬಜೆಟ್ಟಲ್ಲಿ ಇಡೋಕೆ ಶುರು ಮಾಡಿದ್ರು.

ನಮ್ಮ ದಾವಣಗೆರೆ, ಚಿತ್ರದುರ್ಗ ಎರಡು ಜಿಲ್ಲೆಯ ಸ್ಥಿತಿ ಇಲ್ಲಿ ಕುತೂಹಲ ಹುಟ್ಟಿಸುತ್ತೆ. ಕಡೇ ಗುಂಪಲ್ಲಿ, ಅಂದ್ರೆ ಆ 39ರಲ್ಲಿ, ಹೊಸದುರ್ಗ ಇತ್ತು, ಚನ್ನಗಿರಿ ಇತ್ತು, ಅವಾಗ ದಾವಣಗೆರೆ ಜಿಲ್ಲೇಲಿದ್ದ ಹರಪನಹಳ್ಳಿ ಇತ್ತು. ಮೊಳಕಾಲ್ಮೂರು, ಚಳ್ಳಕೆರೆ, ಹಿರಿಯೂರು, ಜಗಳೂರು ಅದರ ಮೇಲಿನ ಗುಂಪಲ್ಲಿ. ಅಡಿಕೆ ಊರು ಚನ್ನಗಿರಿ ಮೊಳಕಾಲ್ಮೂರಿಗಿಂತ ಹಿಂದೆ ಅಂದ್ರೆ ಮೊದಲು ನಾನೂ ನಂಬಿರಲಿಲ್ಲ. ಆದ್ರೆ ಅಳತೆಗೋಲು ಅಂದ್ರೆ ಹಂಗೇ. ತೋಟದೋರ ಮನೆ ಮುಂದೆ ಕಾರು ನಿಂತಿರೋದನ್ನ ಅದು ಎಣಿಸಲ್ಲ, ಜನಸಂಖ್ಯೆಗೆ ಎಷ್ಟು ಡಾಕ್ಟ್ರು, ಎಷ್ಟು ಬ್ಯಾಂಕು, ಎಷ್ಟು ಕೈಗಾರಿಕೆ, ಎಷ್ಟು ಓದಿದೋರು ಅಂತ ಎಣಿಸುತ್ತೆ. ಕೆಲವರ ಕೈಲಿ ದುಡ್ಡು ಇರೋದೂ ಊರು ಮುಂದುವರಿಯೋದೂ ಒಂದೇ ಅಲ್ಲ.

ಇನ್ನೊಂದು ಕಡೆ ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬರೋದು ಬೆಂಗಳೂರು ನಗರ ಜಿಲ್ಲೆ ಒಂದರಿಂದಲೇ. ಹಾಗಾಗಿ ಸರಾಸರಿ ಅನ್ನೋದು ಒಂಥರ ಮೋಸ, ರಾಜ್ಯ ಬೆಳೀತಿದೆ ಅನ್ನೋದೂ ನಿಜ, ಜಗಳೂರು ಹುಡುಗ ಡಿಗ್ರಿ ಮುಗಿಸಿ ಬೆಂಗಳೂರು ಬಸ್ ಹತ್ತೋದೂ ನಿಜ. 2002ರ ಲೆಕ್ಕ ಹಳೇದಾಯ್ತು ಅಂತ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೇಲಿ ಹೊಸ ಸಮಿತಿ ಮಾಡಿ ಮತ್ತೆ ಅಳೆಯೋ ಕೆಲಸ ಕೊಟ್ರು.

ಹೊಸ ಜಿಲ್ಲೆ ಮಾಡಿದ್ರೆ ಸಾಕಾ? ಹರಪನಹಳ್ಳಿಯನ್ನ ಕೇಳಿ

1997ರವರೆಗೂ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಆ ವರ್ಷ ಆಗಸ್ಟ್ 15ಕ್ಕೆ ಮುಖ್ಯಮಂತ್ರಿ ಜೆ.ಎಚ್. ಪಟೇಲರು, ಅವರೂ ಚನ್ನಗಿರಿ ತಾಲ್ಲೂಕಿನೋರೇ, ದಾವಣಗೆರೆ ಜಿಲ್ಲೆ ಮಾಡಿದ್ರು. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದ್ವು, ಚನ್ನಗಿರಿ ಹೊನ್ನಾಳಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಜಿಲ್ಲಾ ಕೇಂದ್ರ ಹತ್ರ ಆದ್ರೆ ಬಡವನಿಗೆ ಲಾಭ ಇದ್ದೇ ಇದೆ, ಬಸ್ ಚಾರ್ಜು ಉಳಿಯುತ್ತೆ, ಒಂದು ದಿನದ ಕೂಲಿ ಉಳಿಯುತ್ತೆ, ಜಿಲ್ಲಾಸ್ಪತ್ರೆ ಹತ್ರ ಬರುತ್ತೆ.

ಆದ್ರೆ 2018ರಲ್ಲಿ ಹರಪನಹಳ್ಳಿ ಹತ್ತಿರದ ದಾವಣಗೆರೆ ಬಿಟ್ಟು ದೂರದ ಬಳ್ಳಾರಿಗೆ ವಾಪಸ್ ಹೋಯ್ತು. ಯಾಕೆ ಗೊತ್ತಾ? 371ಜೆ. ಆಗಿನ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನದಲ್ಲೇ ಕೊಟ್ಟ ವಿಶೇಷ ಸ್ಥಾನ: ಕೆಲಸದಲ್ಲಿ, ಕಾಲೇಜು ಸೀಟಲ್ಲಿ ಸ್ಥಳೀಯರಿಗೆ ಮೀಸಲಾತಿ, ಪ್ರದೇಶಕ್ಕೇ ಅಂತ ಬೇರೆ ಮಂಡಳಿ, ಬೇರೆ ದುಡ್ಡು. ಬಳ್ಳಾರಿ ಅದರೊಳಗಿತ್ತು, ದಾವಣಗೆರೆ ಹೊರಗಿತ್ತು. ಆ ಜನ ಬಸ್ ಚಾರ್ಜಿಗಿಂತ ಮಗಳ ಮೆಡಿಕಲ್ ಸೀಟು ದೊಡ್ಡದು ಅಂತ ಲೆಕ್ಕ ಹಾಕಿದ್ರು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಮತ್ತೆ ಅದಕ್ಕೆ ಸೇರಿತು. ಒಂದೇ ತಾಲ್ಲೂಕು, ಕಾಲು ಶತಮಾನದಲ್ಲಿ ಮೂರು ಸಲ ಜಿಲ್ಲೆ ಬದಲು. ಬೋರ್ಡ್ ಬರೆಯೋ ಪೇಂಟರ್‌ಗಳಿಗಂತೂ ಒಳ್ಳೆ ಕಾಲ. ಆಫೀಸ್ ಎಷ್ಟು ದೂರ ಅನ್ನೋದಕ್ಕಿಂತ ಆ ಆಫೀಸಿನ ಜೊತೆ ಯಾವ ಹಕ್ಕು, ಎಷ್ಟು ದುಡ್ಡು ಬರುತ್ತೆ ಅನ್ನೋದು ಮುಖ್ಯ ಅಂತ ಆ ಊರಿನವರು ಯಾವ ವರದಿಯನ್ನೂ ಓದದೇ ಕಂಡುಕೊಂಡಿದ್ರು.

ಗಣಿ ದುಡ್ಡು

ಚಿತ್ರದುರ್ಗದೋರಿಗೆ ಇನ್ನೊಂದು ತೂಬು ಇದೆ, ಜಿಲ್ಲಾ ಖನಿಜ ಪ್ರತಿಷ್ಠಾನ, ಡಿಎಂಎಫ್ ಅಂತಾರೆ. ಭೀಮಸಮುದ್ರದ ಕಡೆ ಹೋದೋರಿಗೆ ಗೊತ್ತು, ಅದಿರು ಲಾರಿ ಓಡಾಡೋ ದಾರಿ ಪಕ್ಕ ಅಡಿಕೆ ಸೋಗೆ ಹಸಿರಿರಲ್ಲ, ಕೆಂಪಗಿರುತ್ತೆ. 2015ರಲ್ಲಿ ಗಣಿ ಕಾಯ್ದೆ ತಿದ್ದಿ, ಗಣಿ ಕಂಪನಿ ಸರ್ಕಾರಕ್ಕೆ ಕಟ್ಟೋ ರಾಯಲ್ಟಿಯ ಲೆಕ್ಕದ ಮೇಲೆ ಇನ್ನೊಂದಷ್ಟನ್ನ ಜಿಲ್ಲೆಯ ಈ ನಿಧಿಗೆ ಕಟ್ಟಬೇಕು ಅಂತ ಮಾಡಿದ್ರು, ಹಳೇ ಗುತ್ತಿಗೆ ಆದ್ರೆ ರಾಯಲ್ಟಿಯ ಶೇ 30, ಹರಾಜಲ್ಲಿ ಪಡೆದಿದ್ದಾದ್ರೆ ಶೇ 10. ಈ ದುಡ್ಡು ಗಣಿಯಿಂದ ತೊಂದರೆ ಆದ ಊರುಗಳ ನೀರು, ಆಸ್ಪತ್ರೆ, ಶಾಲೆಗೆ ಮೊದಲು ಹೋಗಬೇಕು ಅನ್ನೋದು ನಿಯಮ. ಧೂಳು ಕುಡಿದ ಊರಿನ ಗ್ರಾಮಸಭೇಲಿ ಈ ನಿಧಿ ಹೆಸರು ಎಷ್ಟು ಸಲ ಬರುತ್ತೆ ಅಂತ ಅಲ್ಲಿಯವರೇ ಹೇಳಬೇಕು.

ಹಂಗಾದ್ರೆ ಎಲೆಕ್ಷನ್ ಯಾಕಾಗಿಲ್ಲ

ಈಗ ಮಾವನ ಮೂಲ ಪ್ರಶ್ನೆ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗೆ 2016ರ ಫೆಬ್ರವರೀಲಿ ಎಲೆಕ್ಷನ್ ಆಗಿತ್ತು, 2021ರಲ್ಲಿ ಅವಧಿ ಮುಗೀತು. ಆ ವರ್ಷವೇ ಕ್ಷೇತ್ರಗಳ ಗಡಿ ಗುರುತು ಮಾಡೋ ಕೆಲಸವನ್ನ ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗ ಮಾಡಿ ಕೊಟ್ರು. ಜೊತೆಗೆ ಹಿಂದುಳಿದ ವರ್ಗದ ಮೀಸಲಾತಿಗೆ ಮೊದಲು ಸರಿಯಾದ ಅಂಕಿಅಂಶ ತೋರಿಸಿ ಅಂತ ಸುಪ್ರೀಂ ಕೋರ್ಟ್ ಹಾಕಿದ ಷರತ್ತು ಬಂತು. ಗಡಿ, ಮೀಸಲಾತಿ, ಕೇಸು, ಮತ್ತೆ ಗಡಿ, ಹಿಂಗೆ ವರ್ಷದ ಮೇಲೆ ವರ್ಷ ಹೋಯ್ತು. ಅಷ್ಟೂ ದಿನ ಆಡಳಿತಾಧಿಕಾರಿಗಳೇ ನಡೆಸಿದ್ದು.

ಅಧಿಕಾರಿ ಇದ್ರೆ ಕೆಲಸ ನಡೆಯುತ್ತಲ್ಲ, ಮೆಂಬರ್ ಯಾಕೆ ಅಂತ ಕೇಳೋರು ಇದ್ದಾರೆ, ಎಷ್ಟೋ ಕಡೆ ಕೆಲಸ ಚೆನ್ನಾಗೇ ನಡೆದಿರಬಹುದು. ಆದ್ರೆ ಮೂರು ತೊಂದರೆ ಆಗುತ್ತೆ. ಚುನಾಯಿತ ಸಮಿತಿ ಇಲ್ಲದ ಸಂಸ್ಥೆಗೆ ಹಣಕಾಸು ಆಯೋಗದ ದುಡ್ಡು ಕೊಡಲ್ಲ ಅನ್ನೋದು ಕೇಂದ್ರದ ಷರತ್ತು, ಅಲ್ಲಿಗೆ ಮೇಲೆ ಹೇಳಿದ, ತಾಲ್ಲೂಕು ಮತ್ತೆ ಜಿಲ್ಲಾ ಪಂಚಾಯ್ತಿಯ ಆ 10 ಮತ್ತೆ 5ರ ಪಾಲು ನಿಂತಂಗೆ. ಎರಡನೇದು ಜಿಲ್ಲಾ ಯೋಜನಾ ಸಮಿತಿ: ಹಳ್ಳಿ ಪಟ್ಟಣ ಎರಡರ ಪ್ಲಾನನ್ನೂ ಸೇರಿಸಿ ಜಿಲ್ಲೆಗೆ ಒಂದು ಪ್ಲಾನ್ ಮಾಡಬೇಕು ಅಂತ ಸಂವಿಧಾನದಲ್ಲೇ ಇದೆ, ಅದರ ಐದರಲ್ಲಿ ನಾಲ್ಕು ಭಾಗ ಸದಸ್ಯರು ಚುನಾಯಿತರಿಂದಲೇ ಬರಬೇಕು. ಝಡ್‌ಪಿ ಮೆಂಬರ್ ಇಲ್ಲ ಅಂದ್ರೆ ಅವರ ಪಾಲಿನ ಕುರ್ಚಿಗಳು ಖಾಲಿ. ಆಗ ಜಿಲ್ಲೆಯ ಲೆಕ್ಕ ಕೇಳೋ ಜಾಗ ಅಂತ ಉಳಿಯೋದು ಉಸ್ತುವಾರಿ ಮಂತ್ರಿಗಳ ಕೆಡಿಪಿ (ಅಭಿವೃದ್ಧಿ ಕೆಲಸಗಳ ಪರಿಶೀಲನೆ) ಮೀಟಿಂಗ್, ಅದು ಮೂರು ತಿಂಗಳಿಗೊಮ್ಮೆ. ಮೂರನೇದು ನಮ್ಮ ಮಾವನದ್ದು, ಫೋನ್ ಮಾಡೋಕೆ ಒಂದು ನಂಬರ್ ಇಲ್ಲ. ಎಂಎಲ್‌ಎಗೆ ಮಾಡೋಣ ಅಂದ್ರೆ ಅವರಿಗೆ ಎರಡು ಲಕ್ಷ ಓಟು, ನಮ್ಮೂರ ಕಾಯಿನ್ ಮಿಷನ್ ಅವರಿಗೆಲ್ಲಿ ನೆನಪಿರುತ್ತೆ.

ಕೆಳಗೆ ಕೊಟ್ರೆ ಎಲ್ಲ ಸರಿ ಹೋಗುತ್ತಾ

ಹೋಗಲ್ಲ. ಮೇಲಿದ್ದ ದೊಡ್ಡ ಕಳ್ಳನ ಬದಲು ಊರಲ್ಲೇ ಸಣ್ಣ ಕಳ್ಳ ಹುಟ್ಟಬಹುದು. ಹೆಣ್ಮಕ್ಕಳಿಗೆ ಈಗ ಶೇ 50 ಮೀಸಲಾತಿ ಇದೆ, ಆದ್ರೆ ಎಷ್ಟೋ ಪಂಚಾಯ್ತೀಲಿ ಅಧ್ಯಕ್ಷೆಯ ಕುರ್ಚಿ ಪಕ್ಕ ಇನ್ನೊಂದು ಕುರ್ಚಿ ಹಾಕಿರ್ತಾರೆ, ಅದರಲ್ಲಿ ಅವರ ಯಜಮಾನ್ರು. ಊರಲ್ಲಿ ಜಮೀನು, ಜಾತಿ ಬಲ ಇರೋರ ಓಣಿಗೇ ಮೊದಲು ಪೈಪ್‌ಲೈನ್ ಹೋಗುತ್ತೆ, ಕಾಲೋನಿಗೆ ಆಮೇಲೆ. ನಾಲೆ ಉದಾಹರಣೇಲೇ ಹೇಳಬೇಕಂದ್ರೆ ಕೀಲಿ ನೀರುಗಂಟಿ, ಅಂದ್ರೆ ನಾಲೆ ನೀರು ಬಿಡೋನ, ಕೈಗೆ ಬಂದ್ರೂ ನೀರುಗಂಟಿ ಯಾರ ಮನೆ ಊಟ ಮಾಡ್ತಾನೆ ಅನ್ನೋದು ಉಳಿಯುತ್ತೆ.

ಇದಕ್ಕೇ ಕಾಯ್ದೇಲಿ ಗ್ರಾಮಸಭೆ ಇಟ್ಟಿರೋದು, ಆರು ತಿಂಗಳಿಗೆ ಒಂದಾದ್ರೂ ಆಗಲೇಬೇಕು. ಓಟಿರೋ ಎಲ್ಲರೂ ಅದರ ಸದಸ್ಯರು, ಮೆಂಬರ್‌ಗಳು ಮಾತ್ರ ಅಲ್ಲ. ಅಲ್ಲಿ ಕ್ರಿಯಾ ಯೋಜನೆ ಓದಿ ಹೇಳಬೇಕು, ಫಲಾನುಭವಿ ಪಟ್ಟಿ ಓದಬೇಕು, ನಡಾವಳಿ ಪುಸ್ತಕದಲ್ಲಿ ಬರೀಬೇಕು. ಬಾಯಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತೆ, ನಡಾವಳೀಲಿ ಬರೆದಿದ್ದು ಆಡಿಟ್‌ಗೆ ಸಿಗುತ್ತೆ, ಇದು ನನಗೆ ಒಬ್ಬರು ರಿಟೈರ್ಡ್ ಕಾರ್ಯದರ್ಶಿ ಹೇಳಿಕೊಟ್ಟಿದ್ದು.

ಇಷ್ಟೆಲ್ಲ ಮಾವನಿಗೆ ಫೋನಲ್ಲಿ ಹೇಳಿದೆ, ಅರ್ಧ ಗಂಟೆ ಕೇಳಿಸಿಕೊಂಡ್ರು. ಮುಂದಿನ ಗ್ರಾಮಸಭೇಲಿ ಎದ್ದು ನಿಂತು, ಈ ಘಟಕ ಯಾರ ಆಸ್ತಿ, ರಿಪೇರಿ ಯಾವ ದುಡ್ಡಲ್ಲಿ, ಯಾರ ಸಹಿ ಬೇಕು ಅಂತ ಮೂರೇ ಮೂರು ಕೇಳಿದ್ರಂತೆ, ನಡಾವಳೀಲಿ ಬರೆಸಿದ್ರಂತೆ. ಹೋದ ತಿಂಗಳು ಮತ್ತೆ ಅವರೇ ಫೋನ್ ಮಾಡಿದ್ರು. "ನೀರು ಬರ್ತೈತೆ ಕಣಪ್ಪ ಈಗ."

"ಪಂಚಾಯ್ತಿಯೋರು ಮಾಡ್ಸಿದ್ರಾ?"

"ಎಲ್ಲೀದು. ಮನೆಗೆ ನೂರು ರೂಪಾಯಿ ಪಟ್ಟಿ ಹಾಕ್ಕೊಂಡು ನಾವೇ ಮೆಂಬ್ರೇನ್ ತಂದು ಹಾಕ್ಸಿದ್ವಿ. ಅದು ಯಾರದ್ದು ಅಂತ ಉತ್ತರ ಬರ್ಲಿ ಅಂತ ಇನ್ನಾ ಕಾಯ್ತಾ ಇದೀವಿ. ಕಾಯಿನ್ ಡಬ್ಬಿ ಕೀಲಿ ಮಾತ್ರ ಏಜೆನ್ಸಿಯೋನು ಮಾರನೇ ದಿನವೇ ಬಂದು ತಗೊಂಡೋದ."